ಕೆಳಗೆ ನೋಡುವ ಬಾಣಗಳು

"ದೊಸಾ?"

ಕುರೊಯಿಶಿ ನಿಲ್ದಾಣದ ಮುಂದಿನ ಬಸ್ ಸ್ಟಾಪಿನಲ್ಲಿ ಈ ಮಾತು ಕಿವಿಗೆ ಬಿದ್ದಾಗ ನಾನು ನಿಜಕ್ಕೂ ತಿರುಗಿ ನೋಡಿದೆ. ಜಪಾನಿನ ಉತ್ತರದ ಮೂಲೆ, ಮೇ ತಿಂಗಳ ಬೆಳಗ್ಗೆ. ದೋಸೆಗೆ ಇಲ್ಲೇನು ಕೆಲಸ? ಕೇಳಿದವರು ಬೆನ್ನು ಬಾಗಿದ ಒಬ್ಬ ಮುದುಕರು. ಎದುರಿಗಿದ್ದ ಇನ್ನೊಬ್ಬ ಮುದುಕರು ಕೈಯಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿಯನ್ನು ಸ್ವಲ್ಪ ಎತ್ತಿ ತೋರಿಸಿ "ಯುಸಾ" ಅಂದರು. ಬುಟ್ಟಿಯಲ್ಲಿ ಸೋಪು, ಟವೆಲ್ಲು. ಅಷ್ಟೇ. ಇಬ್ಬರೂ ಸುಮ್ಮನಾದರು.

ಆಮೇಲೆ ಗೊತ್ತಾಯಿತು, ಇದು ತ್ಸುಗರು ಸೀಮೆಯ ತುಂಬ ಹೆಸರುವಾಸಿ ಸಂಭಾಷಣೆಯಂತೆ. 'ದೊ' ಅಂದರೆ ಎಲ್ಲಿ. 'ಸಾ' ನಮ್ಮ 'ಗೆ' ಇದ್ದ ಹಾಗೆ. 'ಯು' ಅಂದರೆ ಬಿಸಿನೀರು. ಎಲ್ಲಿಗೆ? ಸ್ನಾನಕ್ಕೆ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವ ನಮ್ಮ ಹಿರಿಯರ ಕಟ್ಟಳೆ ಇಲ್ಲಿಗೆ ಬಂದು ಮುಟ್ಟಿಲ್ಲ. ತಿನ್ನು ಅನ್ನಲು ಇಲ್ಲಿ "ಕೆ" ಸಾಕು. ತಿನ್ನುತ್ತೇನೆ ಅನ್ನಲು "ಕು". ಮಾತಿನಲ್ಲಿ ಯಾಕಿಷ್ಟು ಜಿಪುಣತನ ಅಂತ ಕೇಳಿದರೆ, ಚಳಿಗಾಲದಲ್ಲಿ ಬಾಯಿ ತೆರೆದರೆ ಹಿಮ ಒಳಗೆ ಹೋಗುತ್ತೆ, ಅದಕ್ಕೆ ಅಂತ ನಗುತ್ತಾರೆ. ಭಾಷೆಯ ಪಂಡಿತರು ಇದನ್ನು ಒಪ್ಪಲಿಕ್ಕಿಲ್ಲ. ನಾನೂ ಮೇ ತಿಂಗಳಲ್ಲಿ ಒಪ್ಪಿರಲಿಲ್ಲ.

ತ್ಸುಗರು ಅಂದರೆ ಆವೊಮೊರಿ ಪ್ರಾಂತ್ಯದ ಪಶ್ಚಿಮ ಭಾಗ. ಜಪಾನಿನ ದೊಡ್ಡ ದ್ವೀಪ ಹೊನ್‌ಶು ಉತ್ತರದಲ್ಲಿ ಮುಗಿಯುವ ಜಾಗ. ಮುಂದೆ ಸಮುದ್ರ, ಅದರಾಚೆ ಹೊಕ್ಕೈದೊ. ಎರಡು ವರ್ಷದ ಕೆಲಸಕ್ಕೆ ಅಂತ ಟೋಕಿಯೋಗೆ ಹೋಗಿದ್ದ ನಾನು ಒಂದೇ ವರ್ಷದಲ್ಲಿ ನಾಲ್ಕು ಸಲ ಅಲ್ಲಿಗೆ ಹೋದೆ. ನಾಲ್ಕೂ ಕಾಲ ನೋಡಬೇಕು ಅನ್ನುವ ಯೋಜನೆಯೇನೂ ಇರಲಿಲ್ಲ. ಮೊದಲ ಸಲ ಹೋಗಿದ್ದು ಚೆರ್ರಿ ಹೂ ನೋಡಲು. ಅದು ಸಿಗಲಿಲ್ಲ.

ಹಿರೊಸಾಕಿ ಕೋಟೆಯ ಉದ್ಯಾನದಲ್ಲಿ ಸುಮಾರು 2,600 ಚೆರ್ರಿ ಮರಗಳಿವೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿಗೆಲ್ಲ ಸಾಲು ಸಾಲು ರಜೆ. ಆ ರಜೆಗೂ ಹಿರೊಸಾಕಿಯ ಹೂವಿಗೂ ಜೋಡಿ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ನಂಬಿ ಟಿಕೆಟ್ ತೆಗೆದೆ. ಹೋಗಿ ನೋಡಿದರೆ ಹೂ ಮುಗಿದು ಮರದ ತುಂಬ ಎಲೆ. ಈಚೆಗೆ ಬೇಗ ಬೆಚ್ಚಗಾಗುತ್ತಿದೆ, ಹೂವು ರಜೆಗೆ ಕಾಯುವುದಿಲ್ಲ. ಉದುರಿದ ಎಸಳು ಕಂದಕದ ನೀರನ್ನೆಲ್ಲ ಮುಚ್ಚಿ ತೇಲುವುದಕ್ಕೆ ಅಲ್ಲಿ 'ಹೂವಿನ ತೆಪ್ಪ' ಅನ್ನುತ್ತಾರೆ. ನನಗೆ ಸಿಕ್ಕಿದ್ದು ಮೂಲೆಯಲ್ಲಿ ಕಂದುಬಣ್ಣಕ್ಕೆ ತಿರುಗಿದ್ದ ಒಂದು ಹಿಡಿ ತೆಪ್ಪ. ಕೋಟೆಯ ಬುರುಜು ಕೂಡ ಚಿತ್ರದಲ್ಲಿ ನೋಡಿದ ಜಾಗದಲ್ಲಿ ಇರಲಿಲ್ಲ. ಅಡಿಯ ಕಲ್ಲುಗೋಡೆ ಉಬ್ಬಿದೆ ಅಂತ ರಿಪೇರಿಗಾಗಿ 2015ರಲ್ಲಿ ಮೂರು ಅಂತಸ್ತಿನ ಕಟ್ಟಡವನ್ನು ಹಾಗೆಯೇ ಎತ್ತಿ, ಎಳೆದು, ಸುಮಾರು 70 ಮೀಟರ್ ಆಚೆ ಕೂರಿಸಿದ್ದರು.

ಹೊಟ್ಟೆ ಉರಿದುಕೊಂಡು ಕೋನನ್ ರೈಲು ಹತ್ತಿದೆ. ಹಿರೊಸಾಕಿಯಿಂದ ಕುರೊಯಿಶಿಗೆ ಹದಿನೇಳು ಕಿಲೊಮೀಟರೂ ಇಲ್ಲದ ಪುಟ್ಟ ಮಾರ್ಗ. ಬೋಗಿಗಳು ಟೋಕಿಯೋದಲ್ಲಿ ದುಡಿದು ದಣಿದು ಇಲ್ಲಿಗೆ ಬಂದ ಹಳೆಯ ಉಕ್ಕಿನವು. ಒಂದು ಕಡೆ ಗದ್ದೆ, ಅದರಾಚೆ 1,625 ಮೀಟರ್ ಎತ್ತರದ ಇವಾಕಿ ಬೆಟ್ಟ. ಬಯಲಿನಲ್ಲಿ ಒಂಟಿಯಾಗಿ ಕೂತಿರುತ್ತದೆ, ಯಾವ ಊರಿನಿಂದ ನೋಡಿದರೂ ತಮ್ಮ ಊರಿಗೇ ಮುಖ ಮಾಡಿದೆ ಅನ್ನಿಸುವ ಹಾಗೆ. ಇನ್ನೊಂದು ಕಡೆ ಸೇಬಿನ ತೋಟ. ಆ ತೋಟದಲ್ಲಿ ಆಗ ತಾನೇ ಹೂ ಬಿಡುತ್ತಿತ್ತು.

ಸೇಬಿನ ಹೂವಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮೊಗ್ಗು ಗಾಢ ಗುಲಾಬಿ, ಅರಳಿದರೆ ಬಿಳಿ. ಅದಕ್ಕೆ ಚೆರ್ರಿ ಹೂವಿನ ಹಾಗೆ ಜಾತ್ರೆ, ಡೇರೆ, ನೂಕುನುಗ್ಗಲು ಏನೂ ಇಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಏಣಿಯ ಮೇಲೆ ನಿಂತು ಕೆಲಸ ಮಾಡುತ್ತಿದ್ದರು, ಅಷ್ಟೇ.

ನಾನು ಉಳಿದುಕೊಂಡಿದ್ದು ಕುರೊಯಿಶಿಯಿಂದ ಬೆಟ್ಟದ ಕಡೆಗೆ, ಬಿಸಿನೀರಿನ ಬುಗ್ಗೆಗಳಿರುವ ಒಂದು ಕಣಿವೆಯಲ್ಲಿ. ನಾಲ್ಕು ಕೋಣೆಯ ಮನೆ, ಅದರಲ್ಲಿ ಎರಡು ಅತಿಥಿಗಳಿಗೆ. ನಡೆಸುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ, ಸೇಬು ಬೆಳೆಗಾರರು. ಇಂಥ ಮನೆ ನಡೆಸುವ ಹೆಂಗಸನ್ನು ಜಪಾನಿನಲ್ಲಿ 'ಒಕಾಮಿ-ಸಾನ್' ಅನ್ನಬೇಕು. ನಾನು ಹಾಗೇ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಅಜ್ಜಿ. ಅವರಿಗೆ ನಾನು 'ಒಕ್ಯಾಕು-ಸಾನ್', ಅಂದರೆ ಅತಿಥಿಗಳು.

ಅಜ್ಜಿ ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಒಂದು ಗೊಂಚಲಲ್ಲಿ ಐದಾರು ಹೂ. ನಡುವಿನದು ಮೊದಲು ಅರಳುತ್ತದೆ, ಅದರ ಕಾಯಿಯೇ ದೊಡ್ಡದಾಗುವುದು. ಸುತ್ತಲಿನವನ್ನು ತೆಗೆದುಬಿಡಬೇಕು. ಆಮೇಲೆ ಕಾಯಿ ಕಚ್ಚಿದ ಮೇಲೆ ಇನ್ನೊಂದು ಸುತ್ತು, ಮೂರು ನಾಲ್ಕು ಗೊಂಚಲಿಗೆ ಒಂದನ್ನು ಮಾತ್ರ ಉಳಿಸಬೇಕು. ತೋಟದ ಮೂಲೆಯಲ್ಲಿ ಜೊಂಡಿನ ಕಡ್ಡಿಗಳನ್ನು ಕಟ್ಟಿ ಪೇರಿಸಿದ ಒಂದು ಗೂಡಿತ್ತು. ಅದರೊಳಗೆ 'ಮಾಮೆಕೊ' ಅನ್ನುವ ಪುಟ್ಟ ಜೇನು. ಜೇನುತುಪ್ಪ ಕೊಡುವುದಿಲ್ಲ, ಸೇಬಿನ ಹೂವಿಗೆ ಪರಾಗ ಮುಟ್ಟಿಸುತ್ತದೆ. ಹೂ ಬಿಡುವ ಹೊತ್ತಿಗೆ ಹೊರಗೆ ಬಂದು, ಕೆಲಸ ಮುಗಿಸಿ, ಕಡ್ಡಿಯೊಳಗೆ ಮೊಟ್ಟೆ ಇಟ್ಟು ಸಾಯುತ್ತದೆ. ಮಿಕ್ಕ ವರ್ಷವೆಲ್ಲ ಅದರ ಮರಿಗಳು ಕಡ್ಡಿಯ ಒಳಗೇ.

"ಹಿಮ ಕರಗಿದ ಮೇಲೆ ಎದ್ದು ಬರುತ್ತವೆ," ಅಂದರು ಅಜ್ಜಿ.

ಅವತ್ತು ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸುಮಾರಾಗಿ ಇದೇ ಆಗಿತ್ತು. ಬಾಗಿಲಿನ ಮುಂದೆ ಯಾಕೆ ಗಾಜಿನ ಪೆಟ್ಟಿಗೆಯಂಥ ಇನ್ನೊಂದು ಕೋಣೆ? "ಯುಕಿ." ಹಿಮ. ಟ್ರಾಫಿಕ್ ದೀಪ ಟೋಕಿಯೋದಲ್ಲಿ ಅಡ್ಡ ಇರುತ್ತೆ, ಇಲ್ಲಿ ಯಾಕೆ ಉದ್ದಕ್ಕೆ? "ಯುಕಿ." ಅಡ್ಡ ಇದ್ದರೆ ಮೇಲೆ ಹಿಮ ಕೂತು ಭಾರ ಆಗುತ್ತದಂತೆ. ಮನೆ ಮನೆಯ ಪಕ್ಕದಲ್ಲೂ ಯಾಕೆ ಸೀಮೆಎಣ್ಣೆಯ ಟ್ಯಾಂಕು, ಅದೂ 490 ಲೀಟರಿನದು? ಈ ಸಲ ಅವರು ಉತ್ತರ ಹೇಳಲೇ ಇಲ್ಲ, ನನ್ನ ಮುಖ ನೋಡಿ ನಕ್ಕರು. ಕುರೊಯಿಶಿಯ ಹಳೆಯ ಬೀದಿಯಲ್ಲಿ ಅಂಗಡಿಗಳ ಮುಂದೆ ಉದ್ದಕ್ಕೂ ಮರದ ಮಾಡು ಇಳಿಸಿದ ಜಗುಲಿಯಿದೆ, 'ಕೊಮಿಸೆ' ಅಂತ ಹೆಸರು. ನೂರೈವತ್ತು ವರ್ಷಕ್ಕೂ ಹಿಂದಿನ ಎದೊ ಕಾಲದ್ದು. ನಾನು ಅದನ್ನು ಬಿಸಿಲಿಗೆ ಅಂದುಕೊಂಡಿದ್ದೆ.

ಒಂದನ್ನು ಮಾತ್ರ ಕೇಳಲು ಮರೆತೆ. ರಸ್ತೆಯ ಅಂಚಿನಲ್ಲಿ ಉದ್ದನೆಯ ಕಂಬಗಳು, ಒಂದೊಂದರ ತುದಿಯಲ್ಲೂ ಕೆಂಪು ಬಿಳಿ ಪಟ್ಟೆಯ ಬಾಣ, ನೇರ ಕೆಳಗೆ ನೋಡುತ್ತ. ಕೆಳಗೆ ಏನೂ ಇಲ್ಲ. ಬರೀ ಹುಲ್ಲು. ನೆಲದಡಿ ಯಾವುದೋ ಪೈಪು ಹೋಗಿರಬೇಕು ಅಂದುಕೊಂಡು ಸುಮ್ಮನಾದೆ.

ಹೊರಡುವ ದಿನ ಬೆಳಗ್ಗೆ ಅಡುಗೆಮನೆಯ ಹಿಂದೆ ಅಜ್ಜಿ ಒಂದು ಪೀಪಾಯಿ ಮುಂದಿಟ್ಟುಕೊಂಡು ಕೂತಿದ್ದರು. ಬೆಟ್ಟದಿಂದ ತಂದ 'ವರಬಿ', ತುದಿ ಸುರುಳಿ ಸುತ್ತಿದ ಎಳೆಯ ಜರಿಗಿಡ. ಒಂದು ಪದರ ವರಬಿ, ಒಂದು ಪದರ ಉಪ್ಪು. ಮತ್ತೆ ವರಬಿ, ಮತ್ತೆ ಉಪ್ಪು. ಕೊನೆಗೆ ಹಲಗೆ ಮುಚ್ಚಿ ಮೇಲೊಂದು ಕಲ್ಲು. ಇಷ್ಟು ಉಪ್ಪು ಹಾಕಿದರೆ ತಿನ್ನುವುದು ಹೇಗೆ ಅಂದೆ. "ಈಗ ಯಾರು ತಿಂತಾರೆ?" ಅಂದರು.

ಜಪಾನಿನವರು ವಿದೇಶಿಯರನ್ನು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ನಿಮ್ಮ ದೇಶದಲ್ಲೂ ನಾಲ್ಕು ಕಾಲ ಇದೆಯಾ ಅಂತ. ಸ್ವಲ್ಪ ಹೆಮ್ಮೆಯಿಂದಲೇ. ಅಜ್ಜಿಯ ಯಜಮಾನರೂ ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದರು. ನಮ್ಮಲ್ಲಿ ಆರು ಅಂದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟು ಯೋಚಿಸಿ, "ಆರರಲ್ಲಿ ಎಷ್ಟರಲ್ಲಿ ಹಿಮ ಬೀಳುತ್ತೆ?" ಅಂದರು. ನನ್ನ ಊರಿನಲ್ಲಿ ಒಂದರಲ್ಲೂ ಇಲ್ಲ ಅಂದಾಗ ಅವರ ಮುಖದಲ್ಲಿ ಬಂದದ್ದು ಹೊಟ್ಟೆಕಿಚ್ಚೋ ಕನಿಕರವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗಸ್ಟಿನಲ್ಲಿ ಹೋಗಿದ್ದು ನೆಪುತ ಹಬ್ಬಕ್ಕೆ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಫೋಟೊ ವಿಡಿಯೊ ಬೇಕಾದಷ್ಟು ಸಿಗುತ್ತವೆ. ಆವೊಮೊರಿ ನಗರದಲ್ಲಿ 'ನೆಬುತ', ಹಿರೊಸಾಕಿಯಲ್ಲಿ 'ನೆಪುತ'. 1980ರಲ್ಲಿ ಎರಡನ್ನೂ ಒಟ್ಟಿಗೇ ರಾಷ್ಟ್ರದ ಮುಖ್ಯ ಜಾನಪದ ಪರಂಪರೆಯ ಪಟ್ಟಿಗೆ ಸೇರಿಸಿದರು. ಆದರೂ ಬ ಸರಿಯೋ ಪ ಸರಿಯೋ ಅಂತ ಇನ್ನೊಬ್ಬರೂರಿನಲ್ಲಿ ಕೇಳಬೇಡಿ. ಗೊಶೊಗವಾರದ ರಥಗಳು ಇನ್ನೂ ಬೇರೆ, ಇಪ್ಪತ್ತು ಮೀಟರಿಗಿಂತ ಎತ್ತರ. ನನಗೆ ಹಿಡಿಸಿದ್ದು ಹಿರೊಸಾಕಿಯದು. ಬೀಸಣಿಗೆಯ ಆಕಾರದ ದೊಡ್ಡ ಕಾಗದದ ರಥ, ಒಳಗೆ ದೀಪ. ಮುಂದಿನ ಮುಖದಲ್ಲಿ ಕಣ್ಣು ಕೆರಳಿದ ಯೋಧರು, ರಕ್ತ, ಕತ್ತಿ. ರಥ ದಾಟಿ ಹೋದ ಮೇಲೆ ಹಿಂದಿನ ಮುಖ ಕಾಣುತ್ತದೆ. ಅಲ್ಲಿ ಒಬ್ಬಳು ಹೆಣ್ಣು, ತುಂಬ ಸಲ ಬೇಸರದ ಮುಖದವಳು. ಅದಕ್ಕೆ 'ಬೀಳ್ಕೊಡುವ ಚಿತ್ರ' ಅಂತಲೇ ಹೆಸರು. "ಯಾ ಯಾ ದೊ" ಅನ್ನುವ ಕೂಗು, ದೊಡ್ಡ ಡೋಲು, ಕೊಳಲು. ಬೇಸಿಗೆ ದುಡಿಮೆಯ ನಿದ್ದೆಯ ಭೂತವನ್ನು ಹೊಳೆಗೆ ಬಿಟ್ಟು ಬರುವ ಪದ್ಧತಿಯಿಂದ ಹುಟ್ಟಿದ್ದು ಅನ್ನುತ್ತಾರೆ.

ಹಬ್ಬ ಆಗಸ್ಟ್ 7ಕ್ಕೆ ಮುಗಿಯುತ್ತದೆ. ಮಾರನೆಯ ಬೆಳಗ್ಗೆ ಅಜ್ಜಿ ಕಿಟಕಿ ತೆಗೆದು "ಆಯ್ತು, ಇನ್ನು ಚಳಿಗಾಳಿ" ಅಂದರು. ಹೊರಗೆ 30 ಡಿಗ್ರಿ ದಾಟಿತ್ತು. ಬೆವರು ಸುರಿಯುತ್ತಿತ್ತು. ತಮಾಷೆ ಅಂದುಕೊಂಡೆ. ಆಮೇಲೆ ನೋಡಿದರೆ ಇಡೀ ಸೀಮೆಯೇ ಹಾಗೆ ಹೇಳುತ್ತದೆ. ನೆಪುತ ಮುಗಿದರೆ ಬೇಸಿಗೆ ಮುಗಿಯಿತು. ಉತ್ಸಾಹಕ್ಕೆ ಕಾರಣವೂ ಅದೇ ಇರಬೇಕು. ಬಾಗಿಲು ಮುಚ್ಚುವ ಮುಂಚೆ ಮಾಡಿಕೊಳ್ಳುವ ಗಲಾಟೆ.

ಅದೇ ಸಲ ಇನಾಕಾದಾತೆ ಊರಿನ ಗದ್ದೆಚಿತ್ರವನ್ನೂ ನೋಡಿದೆ. ಬೇರೆ ಬೇರೆ ಬಣ್ಣದ ಎಲೆಯ ಭತ್ತವನ್ನು ಲೆಕ್ಕ ಹಾಕಿ ನೆಟ್ಟು ಗದ್ದೆಯಲ್ಲೇ ಚಿತ್ರ ಬರಿಸುತ್ತಾರೆ. 1993ರಿಂದ ನಡೆದುಬಂದಿದೆ. ಎತ್ತರದ ಮೇಲಿಂದ ನೋಡಿದಾಗ ಚೆನ್ನಾಗಿತ್ತು. ಆದರೆ ನನಗೆ ಜಾಸ್ತಿ ನೆನಪಿರುವುದು ವಾಪಸು ಬರುವಾಗ ಇವಾಕಿ ತಪ್ಪಲಿನ ರಸ್ತೆಬದಿಯಲ್ಲಿ ಕೊಂಡ ಬೇಯಿಸಿದ ಜೋಳ. ಮುಸುಕಿನ ಜೋಳಕ್ಕೆ ಅಲ್ಲಿ 'ಕಿಮಿ' ಅನ್ನುತ್ತಾರೆ. ಅಷ್ಟು ಸಿಹಿಯಾದ ಜೋಳ ನಾನು ಎಲ್ಲೂ ತಿಂದಿಲ್ಲ. ಬೆಟ್ಟದ ಮೇಲೆ ಹಗಲು ಬಿಸಿ, ರಾತ್ರಿ ತಂಪು, ಅದಕ್ಕೆ ಈ ಸಿಹಿ ಅಂತ ಮಾರುವವರು ವಿವರಿಸಿದರು. ಅರ್ಧ ಅರ್ಥವಾಯಿತು. ಇನ್ನೊಂದು ಕೊಂಡೆ.

ತೋಟದಲ್ಲಿ ಆಗ ಸೇಬು ಕಾಣುತ್ತಲೇ ಇರಲಿಲ್ಲ. ಒಂದೊಂದು ಕಾಯಿಗೂ ಒಂದೊಂದು ಕಾಗದದ ಚೀಲ. ಮರದ ತುಂಬ ಪುಟ್ಟ ಪುಟ್ಟ ಪೊಟ್ಟಣ ತೂಗುಹಾಕಿದ ಹಾಗೆ. ದಿನಕ್ಕೆ ಸಾವಿರಾರು ಚೀಲ ಕಟ್ಟಬೇಕು. ಅಜ್ಜಿಯ ಹೆಬ್ಬೆರಳಿನ ಉಗುರು ಒಂದು ಪಕ್ಕಕ್ಕೆ ಸವೆದುಹೋಗಿತ್ತು.

ಮೂರನೆಯ ಸಲ ಹೋಗಿದ್ದು ನವೆಂಬರ್ ಮೊದಲ ವಾರ. ಈ ಸಲ ಅತಿಥಿ ಅಲ್ಲ, ಕೆಲಸಕ್ಕೆ ಅಂತ ಮೊದಲೇ ಹೇಳಿ ಹೋಗಿದ್ದೆ. ಅವರ ಮಗ ಸೆಂದಾಯಿಯಲ್ಲಿ ಕೆಲಸದಲ್ಲಿದ್ದಾನೆ, ಕೊಯ್ಲಿಗೆ ಎರಡು ದಿನ ಬರುತ್ತಾನೆ, ಹೋಗುತ್ತಾನೆ. ಸಂಬಳ ಬೇಡ, ಊಟ ಸಾಕು ಅಂದೆ. ಯಜಮಾನರು ನನಗೆ ಒಂದು ಜೊತೆ ಕೈಗವಸು ಎಸೆದು "ಇಂದೊ-ಸಾನ್, ಬಾ" ಅಂದರು. ಅಂದರೆ ಭಾರತದವರೇ, ಬನ್ನಿ. ಒಕ್ಯಾಕು-ಸಾನ್‌ನಿಂದ ನನಗೆ ಅವತ್ತು ಬಡ್ತಿ ಸಿಕ್ಕಿತು.

ಜಪಾನಿನ ಸೇಬಿನಲ್ಲಿ ಹೆಚ್ಚುಕಡಿಮೆ ಅರವತ್ತು ಪಾಲು ಆವೊಮೊರಿಯದ್ದು. 1875ರಲ್ಲಿ ಸರ್ಕಾರ ಕಳಿಸಿದ ಮೂರೇ ಮೂರು ಸಸಿಯಿಂದ ಶುರುವಾದದ್ದು. ನಮ್ಮ ಅಂಗಡಿಗಳಿಗೂ ಬರುವ ಫುಜಿ ತಳಿ ಹುಟ್ಟಿದ್ದೂ ಇಲ್ಲೇ ಪಕ್ಕದ ಫುಜಿಸಾಕಿಯಲ್ಲಿ. 1939ರಲ್ಲಿ ಎರಡು ಅಮೆರಿಕದ ತಳಿಗಳನ್ನು ಕೂಡಿಸಿ ಬೀಜ ಮಾಡಿದರು, 1962ರಲ್ಲಿ ಹೆಸರಿಟ್ಟರು. ಇಪ್ಪತ್ತಮೂರು ವರ್ಷ. ಒಂದು ಹಣ್ಣು ಆಗಬೇಕಾದರೆ ಇಷ್ಟು ಕಾಯುವ ಜನ ಇವರು.

ಸೇಬು ಕೀಳುವುದು ಸುಲಭ ಅಂದುಕೊಂಡಿದ್ದೆ. ಕೀಳಬಾರದು, ಎತ್ತಬೇಕು. ಹಣ್ಣನ್ನು ಅಂಗೈಯಲ್ಲಿ ಇಟ್ಟುಕೊಂಡು, ತೋರುಬೆರಳನ್ನು ತೊಟ್ಟಿನ ಬುಡಕ್ಕೆ ಒತ್ತಿ, ಮೇಲಕ್ಕೆ ಮಡಚಬೇಕು. ಆಗ ತೊಟ್ಟು ಹಣ್ಣಿನ ಜೊತೆಗೇ ಬರುತ್ತದೆ. ತೊಟ್ಟು ಕಳಚಿದ ಹಣ್ಣಿಗೆ ದರ್ಜೆ ಇಳಿಯುತ್ತದೆ. ನಾನು ಮೊದಲ ಅರ್ಧ ಗಂಟೆಯಲ್ಲೇ ಎಳೆದು ಎಳೆದು ಮೂರು ನಾಲ್ಕು ಕಡೆ ಹಣ್ಣಿನ ಜೊತೆ ಕಡ್ಡಿಯ ಗೆಣ್ಣನ್ನೂ ಮುರಿದುಕೊಂಡು ಬಂದೆ. ಯಜಮಾನರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗೆಣ್ಣಿನ ಪಕ್ಕದಲ್ಲಿದ್ದ ಒಂದು ಸಣ್ಣ ಗುಬಟನ್ನು ಉಗುರಿನಿಂದ ತೋರಿಸಿದರು. ಅದು ಬರುವ ಮೇ ತಿಂಗಳ ಹೂವಿನ ಮೊಗ್ಗು. ನವೆಂಬರಿನಲ್ಲೇ ಕೂತಾಗಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಹಣ್ಣಿಗೆ ಎಲ್ಲ ಕಡೆಯೂ ಕೆಂಪು ಬರಲು ಏನೇನು ಮಾಡುತ್ತಾರೆ ಅಂದರೆ ನಿಮಗೆ ನಗು ಬರಬಹುದು. ಕೊಯ್ಲಿಗೆ ಒಂದು ತಿಂಗಳು ಮುಂಚೆ ಚೀಲ ಬಿಚ್ಚುತ್ತಾರೆ. ಅದೂ ಎರಡು ಸಲಕ್ಕೆ, ಹೊರಗಿನ ಪದರ ಒಂದು ದಿನ, ಒಳಗಿನದು ಕೆಲವು ದಿನ ಬಿಟ್ಟು. ಒಮ್ಮೆಗೇ ಬಿಚ್ಚಿದರೆ ಬಿಸಿಲಿಗೆ ಸುಡುತ್ತದೆ. ನೆರಳು ಬೀಳುವ ಎಲೆಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಾರೆ. ಹಣ್ಣನ್ನು ಮರದಲ್ಲೇ ತಿರುಗಿಸಿ ಹಿಂದಿನ ಭಾಗವನ್ನು ಸೂರ್ಯನಿಗೆ ತೋರಿಸುತ್ತಾರೆ. ಮರದಡಿ ಬೆಳ್ಳಿಬಣ್ಣದ ಹಾಳೆ ಹಾಸುತ್ತಾರೆ, ಹಣ್ಣಿನ ತಳಕ್ಕೂ ಬೆಳಕು ಬೀಳಲಿ ಅಂತ. ಚೀಲವನ್ನೇ ಕಟ್ಟದೆ ಬಿಸಿಲಲ್ಲಿ ಬಿಟ್ಟದ್ದಕ್ಕೆ 'ಸನ್ ಫುಜಿ' ಅಂತ ಹೆಸರು. ನೋಡಲು ಅಷ್ಟು ನುಣುಪಲ್ಲ, ರುಚಿ ಅದರದ್ದೇ ಜಾಸ್ತಿ. ಚೀಲದ್ದು ಮುಂದಿನ ಬೇಸಿಗೆವರೆಗೂ ಇಡಲು ಬರುತ್ತದೆ. ಇಲ್ಲಿಯೂ ಲೆಕ್ಕ ಹಿಮದ್ದೇ ನೋಡಿ. ಯಾವುದನ್ನು ಹಿಮದ ಮುಂಚೆ ಮಾರುವುದು, ಯಾವುದನ್ನು ಹಿಮದ ಆಚೆಗೆ ದಾಟಿಸುವುದು.

ಮಧ್ಯಾಹ್ನದ ಬಿಡುವಿನಲ್ಲಿ ಯಜಮಾನರು 1991ರ ಕಥೆ ಹೇಳಿದರು. ಸೆಪ್ಟೆಂಬರ್ ಕೊನೆಯಲ್ಲಿ 19ನೇ ನಂಬರಿನ ಚಂಡಮಾರುತ ಬಂತು. ಜನ ಅದನ್ನು ಈಗಲೂ 'ಸೇಬಿನ ಚಂಡಮಾರುತ' ಅನ್ನುತ್ತಾರೆ. ಕೊಯ್ಲಿಗೆ ನಿಂತ ಹಣ್ಣು ರಾತ್ರಿ ಬೆಳಗಾಗುವುದರೊಳಗೆ ನೆಲದ ಮೇಲಿತ್ತು. ಜಪಾನಿ ಭಾಷೆಯಲ್ಲಿ 'ಬೀಳು' ಅನ್ನುವುದಕ್ಕೂ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುವುದಕ್ಕೂ ಒಂದೇ ಪದ, 'ಒಚಿರು'. ಯಾರಿಗೋ ಹೊಳೆಯಿತು. ಮರದಲ್ಲಿ ಉಳಿದ ಹಣ್ಣನ್ನು 'ಬೀಳದ ಸೇಬು' ಅಂತ ಪರೀಕ್ಷೆಗೆ ಕೂರುವ ಮಕ್ಕಳಿಗೆ ಮಾರಿದರು. ಒಳ್ಳೆಯ ಬೆಲೆಗೆ ಹೋಯಿತು. ಈ ಕಥೆಯನ್ನು ವ್ಯಾಪಾರದ ಜಾಣತನಕ್ಕೆ ಉದಾಹರಣೆಯಾಗಿ ನಾನು ಮೊದಲೇ ಎಲ್ಲೋ ಕೇಳಿದ್ದೆ. ನಗುತ್ತ ಅದನ್ನೇ ಹೇಳಿದೆ. ಯಜಮಾನರು ನಗಲಿಲ್ಲ. "ಹಣ್ಣು ಬಿದ್ದರೆ ಒಂದು ವರ್ಷ ಹೋಯಿತು. ನಮಗೆ ಮರವೇ ಬಿದ್ದಿತ್ತು," ಅಂದರು. ಹೊಸ ಮರ ಫಲಕ್ಕೆ ಬರಲು ವರ್ಷಗಳು ಬೇಕು. ಮಾರಲು ಬೀಳದ ಹಣ್ಣು ಅವರ ಬಳಿ ಇರಲೇ ಇಲ್ಲ.

20 ಕಿಲೊ ಹಿಡಿಯುವ ಮರದ ಪೆಟ್ಟಿಗೆಗಳನ್ನು ಗಾಡಿಗೆ ಹೊತ್ತು ಹೊತ್ತು ನನ್ನ ಸೊಂಟ ಮೂರನೆಯ ದಿನಕ್ಕೆ ಕೈಕೊಟ್ಟಿತು. ಅವತ್ತು ಸಂಜೆ ಟವೆಲ್ಲು ಹಿಡಿದು ಊರಿನ ಸ್ನಾನದ ಮನೆಗೆ ಹೊರಟಾಗ ಪಕ್ಕದ ಮನೆಯವರು ದಾರಿಯಲ್ಲಿ ಕೇಳಿದರು. "ದೊಸಾ?"

"ಯುಸಾ," ಅಂದೆ. ಅವರಿಗೆ ಅದರಲ್ಲಿ ಏನೂ ವಿಶೇಷ ಕಾಣಿಸಲಿಲ್ಲ. ಹಾಗೇ ಮುಂದೆ ಹೋದರು. ನನಗಾದ ಖುಷಿ ಮಾತ್ರ ಭಾಷೆಯ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಇವಾಕಿಯ ತಲೆ ಆಗಲೇ ಬೆಳ್ಳಗಾಗಿತ್ತು. ಊರೆಲ್ಲ ಏನೋ ಯುದ್ಧಕ್ಕೆ ತಯಾರಾಗುವ ಹಾಗೆ. ಅಂಗಳದ ಗಿಡಗಳಿಗೆ ಹಲಗೆ ಒರಗಿಸಿ ಹುಲ್ಲಿನ ಹಗ್ಗ ಬಿಗಿಯುತ್ತಿದ್ದರು. ಕಾರಿನ ಚಕ್ರ ಬದಲಾಗುತ್ತಿತ್ತು. ಗದ್ದೆಯಂಚಿನ ರಸ್ತೆಗಳಲ್ಲಿ ಬೇಸಿಗೆಯೆಲ್ಲ ಮಡಚಿಟ್ಟಿದ್ದ ಕಬ್ಬಿಣದ ಬೇಲಿಗಳನ್ನು ಎತ್ತಿ ನಿಲ್ಲಿಸುತ್ತಿದ್ದರು, ಗಾಳಿ ಹೊತ್ತು ತರುವ ಹಿಮವನ್ನು ತಡೆಯಲು. ಅಜ್ಜಿ ಕೆಂಪು ಟರ್ನಿಪ್ ಗೆಡ್ಡೆಗಳನ್ನು ತೊಳೆದು ಉಪ್ಪಿನಕಾಯಿಗೆ ಹಾಕುತ್ತಿದ್ದರು. ಸೀಮೆಎಣ್ಣೆ ಲಾರಿ ಮನೆ ಮನೆಗೆ ನಿಲ್ಲುತ್ತಿತ್ತು.

ನಾಲ್ಕು ಕಾಲ ಅನ್ನುವ ಮಾತಿನ ಮೇಲೆ ನನಗೆ ಅನುಮಾನ ಶುರುವಾಗಿದ್ದು ಆಗಲೇ. ಇಲ್ಲಿ ಇರುವುದು ಹಿಮ ಒಂದೇ. ಉಳಿದ ಮೂರರಲ್ಲಿ ಒಂದು ಅದು ಕೆಡಿಸಿ ಹೋದದ್ದನ್ನು ಸರಿಮಾಡಲು, ಒಂದು ಅದನ್ನು ಮರೆಯಲು, ಇನ್ನೊಂದು ಅದು ಬರುವ ಮುಂಚೆ ಎಲ್ಲವನ್ನೂ ಒಳಗೆ ತರಲು.

ಜನವರಿ ನಡುವಿಗೆ ಹೋದೆ. ಜಪಾನ್ ಸಮುದ್ರದ ಕಡೆಯಿಂದ ಯಾಕೆ ಇಷ್ಟು ಹಿಮ ಅಂದರೆ, ಸೈಬೀರಿಯದ ಒಣ ಚಳಿಗಾಳಿ ಬೆಚ್ಚಗಿನ ಸಮುದ್ರದ ಮೇಲೆ ಹಾದು ನೀರು ಕುಡಿದು ಬರುತ್ತದೆ, ಬೆಟ್ಟಕ್ಕೆ ಬಡಿದು ಎಲ್ಲವನ್ನೂ ಸುರಿಯುತ್ತದೆ. ನಮ್ಮ ಘಟ್ಟದ ಮಳೆಯ ಲೆಕ್ಕವೇ, ಬಿಳಿ ಬಣ್ಣದಲ್ಲಿ. ಪೂರ್ವಕ್ಕಿರುವ ಹಕ್ಕೋದ ಬೆಟ್ಟಗಳ ಸುಕಾಯು ಎಂಬಲ್ಲಿ 2013ರ ಫೆಬ್ರವರಿ 26ರಂದು ನೆಲದ ಮೇಲೆ 5 ಮೀಟರ್ 66 ಸೆಂಟಿಮೀಟರ್ ಹಿಮ ನಿಂತಿತ್ತು. ಅದೇ ಬೆಟ್ಟಗಳಲ್ಲಿ 1902ರ ಜನವರಿಯಲ್ಲಿ ತಾಲೀಮಿಗೆ ಹೊರಟ 210 ಜನ ಸೈನಿಕರಲ್ಲಿ 199 ಜನ ಸತ್ತರು. ಶತ್ರುವೇ ಇರಲಿಲ್ಲ. ದಾರಿ ಕಾಣಲಿಲ್ಲ, ಅಷ್ಟೇ.

ದಾರಿ ಕಾಣದಿರುವುದು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದು ತ್ಸುಗರು ರೈಲಿನಲ್ಲಿ. ಗೊಶೊಗವಾರದಿಂದ ಉತ್ತರಕ್ಕೆ 20 ಕಿಲೊಮೀಟರ್ ಚಿಲ್ಲರೆ ಓಡುವ, 1930ರಲ್ಲಿ ಶುರುವಾದ ಪುಟ್ಟ ರೈಲು ಅದು. ಬೇಸಿಗೆಯಲ್ಲಿ ಅದರ ಬೋಗಿಯೊಳಗೆ ಗಾಳಿಗಂಟೆ ತೂಗುಹಾಕುತ್ತಾರೆ. ಶರತ್ಕಾಲ ಶುರುವಾಗುವಾಗ ಪೆಟ್ಟಿಗೆಯಲ್ಲಿ ಕೂಗುವ ಹುಳುಗಳನ್ನು ತಂದಿಡುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಲ್ಲಿದ್ದಲಿನ ಒಲೆ. ಬೋಗಿಯ ನಡುವೆ ಹೊಟ್ಟೆ ದಪ್ಪಗಿನ ಕಬ್ಬಿಣದ ಒಲೆ, ಮೇಲೆ ಒಣಗಿದ ಕಣವೆ ಮೀನು ಸುಡುತ್ತ ಪ್ರಯಾಣಿಕರು. ನಾನು ಸಸ್ಯಾಹಾರಿ. ಆ ವಾಸನೆಗೆ ಬಾಗಿಲ ಬಳಿ ಹೋಗಿ ನಿಂತೆ. ಕಿಟಕಿಯಾಚೆ ಬಿಸಿಲಿತ್ತು. ಬಯಲಿಗೆ ಬಂದದ್ದೇ ಎಲ್ಲವೂ ಅಳಿಸಿಹೋಯಿತು. ಮೇಲಿಂದ ಒಂದು ಕಣವೂ ಬೀಳುತ್ತಿರಲಿಲ್ಲ. ಗಾಳಿ ನೆಲದ ಮೇಲಿನ ಹಿಮವನ್ನೇ ಬಾಚಿ ಎತ್ತುತ್ತಿತ್ತು. ಇದಕ್ಕೆ 'ಜಿಫುಬುಕಿ' ಅನ್ನುತ್ತಾರೆ, ನೆಲದ ಹಿಮಗಾಳಿ. ನಿಲ್ದಾಣದಲ್ಲಿ ಇಳಿದು ಏನೋ ಕೇಳಲು ಬಾಯಿ ತೆರೆದೆ. ಬಾಯಿ ತುಂಬ ಹಿಮ. ದೊಸಾ ಯುಸಾದ ಬಗ್ಗೆ ಇದ್ದ ಅನುಮಾನ ಅಲ್ಲಿಗೆ ಮುಗಿಯಿತು.

ಸಂಜೆ ಕಣಿವೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಗಾಜಿನಲ್ಲಿ ರಸ್ತೆ ಇಲ್ಲ, ಅಂಚಿಲ್ಲ, ಚರಂಡಿ ಇಲ್ಲ. ಎಲ್ಲ ಒಂದೇ ಬಿಳಿ. ಡ್ರೈವರ್ ತಲೆ ಸ್ವಲ್ಪ ಮೇಲೆತ್ತಿಕೊಂಡು ಓಡಿಸುತ್ತಿದ್ದ. ಏನು ನೋಡುತ್ತಿದ್ದಾನೆ ಅಂತ ನಾನೂ ನೋಡಿದೆ. ಕೆಂಪು ಬಿಳಿ ಬಾಣ. ಅದಾದ ಮೇಲೆ ಇನ್ನೊಂದು. ರಸ್ತೆ ಇಲ್ಲಿಗೆ ಮುಗಿಯುತ್ತದೆ, ಇಲ್ಲಿಂದಾಚೆ ಗದ್ದೆ ಅಂತ ನೇರ ಕೆಳಗೆ ತೋರಿಸುತ್ತ.

ಬೆಳಗಿನ ಜಾವ ಎರಡೂವರೆಗೆ ಹಿಮ ತಳ್ಳುವ ಯಂತ್ರದ ಗುಡುಗಿಗೆ ಎಚ್ಚರವಾಯಿತು. ಅದು ರಸ್ತೆ ತೆರೆದು ಹೋಗುತ್ತದೆ, ಹೋಗುವಾಗ ಪ್ರತಿ ಮನೆಯ ಬಾಗಿಲಿಗೂ ಒಂದು ಗಟ್ಟಿ ದಿಬ್ಬ ಬಿಟ್ಟು ಹೋಗುತ್ತದೆ. ಐದಕ್ಕೆ ಊರೆಲ್ಲ ಹೊರಗೆ. ಎಲ್ಲರ ಕೈಯಲ್ಲೂ 'ಮಾಮಾಸಾನ್ ಡಂಪು', ಎರಡೂ ಕೈಯಲ್ಲಿ ಹಿಡಿದು ತಳ್ಳುವ ಅಗಲ ಬಾಯಿಯ ದೊಡ್ಡ ಮೊರ. ಅಮ್ಮಂದಿರೂ ತಳ್ಳಬಹುದು ಅಂತ ಆ ಹೆಸರು. ತಳ್ಳಿದ ಹಿಮವನ್ನು ರಸ್ತೆಬದಿಯಲ್ಲಿ ನೀರು ಹರಿಯುವ ಕಾಲುವೆಗೆ ಸುರಿಯಬೇಕು. ಸುತ್ತ ನೋಡಿದೆ. ಅರವತ್ತಕ್ಕಿಂತ ಚಿಕ್ಕವರು ನಾನೊಬ್ಬನೇ. ಎರಡು ಮನೆಗಳ ಮುಂದಿನ ದಿಬ್ಬ ಹಾಗೇ ಇತ್ತು. ಅಲ್ಲಿ ಯಾರೂ ಇಲ್ಲ ಅಂದರು. 2015ರ ಜನಗಣತಿಯಲ್ಲಿ 13 ಲಕ್ಷ 8 ಸಾವಿರ ಇದ್ದ ಆವೊಮೊರಿಯ ಜನ 2020ಕ್ಕೆ 12 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಆ ಎಪ್ಪತ್ತು ಸಾವಿರದಲ್ಲಿ ಈ ಎರಡು ಬಾಗಿಲೂ ಸೇರಿರಬಹುದು.

ಯಜಮಾನರು ತೋಟದಲ್ಲಿದ್ದರು. ಚಳಿಗಾಲ ಅಂದರೆ ಬಿಡುವು ಅಂದುಕೊಂಡಿದ್ದೆ. ಸೇಬಿನ ಮರದ ಮುಖ್ಯ ಕೆಲಸ, ಕೊಂಬೆ ಸವರುವುದು, ಶುರುವಾಗುವುದೇ ಈಗ. ಕಾಲಿಗೆ ಹಿಮದ ಮೆಟ್ಟು ಕಟ್ಟಿಕೊಂಡು, ಎದೆಮಟ್ಟದ ಹಿಮದ ಮೇಲೆ ನಿಂತು ಗರಗಸ ಆಡಿಸಬೇಕು. ಹಿಮದಲ್ಲಿ ಹೂತ ಕೊಂಬೆಗಳನ್ನು ಅಗೆದು ಬಿಡಿಸಬೇಕು. ಮೇಲೆ ಬಿದ್ದ ಭಾರಕ್ಕಿಂತ ಹಿಮ ಕರಗಿ ಕುಸಿಯುವಾಗ ಕೆಳಗೆಳೆದು ಮುರಿಯುವುದೇ ಜಾಸ್ತಿಯಂತೆ. ಬುಡದ ಸುತ್ತ ಹಿಮವನ್ನು ತುಳಿದು ಗಟ್ಟಿ ಮಾಡಬೇಕು. ಇಲ್ಲದಿದ್ದರೆ ಇಲಿಗಳು ಹಿಮದೊಳಗೆ ಸುರಂಗ ಮಾಡಿಕೊಂಡು ಬಂದು ತೊಗಟೆ ತಿನ್ನುತ್ತವೆ. ನನಗೆ ಕೊಟ್ಟ ಕೆಲಸ ತುಳಿಯುವುದು. ಹಿರೊಸಾಕಿಯ ಚೆರ್ರಿ ಮರಗಳಿಗೂ ಚಳಿಗಾಲದ ಕೊನೆಯಲ್ಲಿ ಹೀಗೇ ಕತ್ತರಿ ಹಾಕುತ್ತಾರೆ. ಚೆರ್ರಿ ಕಡಿಯುವವನು ದಡ್ಡ ಅಂತ ಜಪಾನಿನಲ್ಲಿ ಗಾದೆಯೇ ಇದೆ. ಇವರು ಸೇಬು ಸವರಿದ ಕೈಯನ್ನೇ ಚೆರ್ರಿಗೂ ಹಾಕಿದರು. ಬೇರೆಲ್ಲ ಕಡೆಗಿಂತ ಇಲ್ಲಿ ಗೊಂಚಲಿಗೆ ಹೂ ಜಾಸ್ತಿ.

"ಮೊದಲೆಲ್ಲ ಚಳಿಗಾಲ ನಾನು ಇಲ್ಲಿ ಇರುತ್ತಲೇ ಇರಲಿಲ್ಲ," ಅಂದರು ಯಜಮಾನರು. 'ದೆಕಾಸೆಗಿ' ಅನ್ನುವ ಪದ ಬಳಸಿದರು. ನಿಘಂಟು ಬೇಕಾಗಲಿಲ್ಲ, ನಮ್ಮಲ್ಲಿ ಗುಳೆ ಅನ್ನುತ್ತೇವಲ್ಲ, ಅದು. ಕೊಯ್ಲು ಮುಗಿಸಿ, ರಾತ್ರಿ ರೈಲು ಹಿಡಿದು, ಬೆಳಗ್ಗೆ ಟೋಕಿಯೋದ ಉಎನೊ ನಿಲ್ದಾಣದಲ್ಲಿ ಇಳಿಯುವುದು. ವಸಂತದವರೆಗೆ ಸುರಂಗ, ರಸ್ತೆ, ಕಟ್ಟಡದ ಕೆಲಸ. ಹತ್ತು ವರ್ಷ ಹಾಗೆ ಹೋದರಂತೆ. ನಾನು ದಿನಾ ಆಫೀಸಿಗೆ ಹೋಗುವ ಸುರಂಗ ರೈಲಿನ ಹೆಸರು ಕೇಳಿದರು. ಹೇಳಿದೆ. "ಅದರ ಮಣ್ಣು ಒಂದಷ್ಟು ನಾನು ಅಗೆದದ್ದು," ಅಂದು ಮತ್ತೆ ಗರಗಸ ಎತ್ತಿಕೊಂಡರು. ಆ ಚಳಿಗಾಲಗಳಲ್ಲಿ ಇಲ್ಲಿಯ ಹಿಮ ತಳ್ಳಿದ್ದು ಯಾರು ಅಂತ ನಾನು ಕೇಳಲಿಲ್ಲ. ಅಜ್ಜಿಯ ಭುಜ ನೋಡಿದರೆ ಗೊತ್ತಾಗುತ್ತದೆ.

ಜನವರಿ 15, 16 ಅಲ್ಲಿ ಹೆಂಗಸರ ಹೊಸವರ್ಷ. ಮೊದಲು ಸೊಸೆಯಂದಿರು ತವರಿಗೆ ಹೋಗುತ್ತಿದ್ದ ದಿನ. ಹೋಗುವ ಮುಂಚೆ ಮನೆಯಲ್ಲಿ ಉಳಿದವರಿಗೆ ನಾಲ್ಕು ದಿನಕ್ಕಾಗುವಷ್ಟು 'ಕೆನೊಶಿರು' ಮಾಡಿಟ್ಟು ಹೋಗುತ್ತಿದ್ದರಂತೆ. ಮೂಲಂಗಿ, ಕ್ಯಾರೆಟ್, ಸೋಯಾ ಕಾಳು, ಒಣಗಿಸಿದ ತೋಫು, ಬೆಟ್ಟದ ಸೊಪ್ಪು ಎಲ್ಲವನ್ನೂ ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದಾಗಿ ಹೆಚ್ಚಿ, ಸಮುದ್ರದ ಪಾಚಿಯ ಸಾರಿನಲ್ಲಿ ಬೇಯಿಸಿ, ಸೋಯಾ ಕಾಳು ಹುದುಗಿಸಿ ಮಾಡಿದ ಮಿಸೊ ಬೆರೆಸುತ್ತಾರೆ. ದಿನಾ ಕುದಿಸಿದಷ್ಟೂ ರುಚಿ. ಮೀನು ಮಾಂಸ ಇಲ್ಲ. ಎರಡು ವರ್ಷದಲ್ಲಿ ಜಪಾನಿನಲ್ಲಿ ನಾನು ಏನನ್ನೂ ವಿಚಾರಿಸದೆ ತಿಂದ ಮೊದಲ ಊಟ ಅದು.

ಅಜ್ಜಿ ಬಟ್ಟಲು ಮುಂದೆ ತಳ್ಳಿ "ಕೆ" ಅಂದರು.

"ಕು," ಅಂದೆ.

ಎರಡನೆಯ ತುತ್ತಿನಲ್ಲಿ ಏನೋ ನಾರುನಾರಾದದ್ದು, ಸ್ವಲ್ಪ ಲೋಳೆ, ಸ್ವಲ್ಪ ಕಹಿ. ಇದೇನು ಅಂತ ಕೇಳಿದೆ. ಅಜ್ಜಿ ಅಡುಗೆಮನೆಯ ಹಿಂದಿನ ಕಡೆ ಕೈ ತೋರಿಸಿದರು. ಮೇ ತಿಂಗಳ ಪೀಪಾಯಿ. ಮೂರು ದಿನ ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರಂತೆ.

ಮಾರನೆಯ ಬೆಳಗ್ಗೆ ಹೊರಟೆ. ರಾತ್ರಿ ಇನ್ನೂ ಮೊಣಕಾಲುದ್ದ ಬಿದ್ದಿತ್ತು. ಬಸ್ ಸ್ಟಾಪಿನ ಕಂಬದ ತುದಿಯಷ್ಟೇ ಮೇಲಿತ್ತು. ಪಕ್ಕದ ಮನೆಯವರು ಮಾಮಾಸಾನ್ ಡಂಪು ಹಿಡಿದು ಅದರ ಸುತ್ತ ಜಾಗ ಮಾಡುತ್ತಿದ್ದರು. ಉಸಿರು ಹೊಗೆಯಾಗಿ ಬರುತ್ತಿತ್ತು. ನನ್ನ ಬ್ಯಾಗು ನೋಡಿದರು.

"ದೊಸಾ?"

"ತೋಕ್ಯೊ ಸಾ."

ಅವರು ಬೆಟ್ಟದ ಕಡೆ ಒಮ್ಮೆ, ಆಕಾಶದ ಕಡೆ ಒಮ್ಮೆ ನೋಡಿದರು. ಬಸ್ಸು ಈಗಲೇ ಬರಲ್ಲ ಅಂದರು. ಆಮೇಲೆ ಕೈಯಲ್ಲಿದ್ದ ಡಂಪನ್ನು ನನ್ನ ಕಡೆ ತಿರುಗಿಸಿ ಕೊಟ್ಟು, ಇನ್ನೊಂದನ್ನು ತರಲು ಒಳಗೆ ಹೋದರು.